ಅಜ್ಜಿ ಅರ್ಧಕ್ಕೆ ಬಿಟ್ಟ ಸ್ವೆಟರ್: ಮೊದಲು ತೋಳು ಹೆಣೆಯಿರಿ

ಪ್ರಶ್ನೆ: ಮೇಡಂ, ನಾನು ಬನಶಂಕರಿಯಲ್ಲಿ ಇರುತ್ತೇನೆ. ನಮ್ಮ ಅಜ್ಜಿ ತೀರಿಕೊಂಡು ನಾಲ್ಕು ವರ್ಷ ಆಯಿತು. ಹೋದ ತಿಂಗಳು ಅಟ್ಟ ಕ್ಲೀನ್ ಮಾಡುವಾಗ ಅವರ ಬಿಸ್ಕತ್ ಡಬ್ಬಿ ಸಿಕ್ಕಿತು. ತೆರೆದರೆ ನುಸಿಗುಳಿಗೆ ವಾಸನೆ. ಒಳಗೆ ಹಳದಿ ಬಣ್ಣದ ಮಗುವಿನ ಸ್ವೆಟರ್, ಅರ್ಧ ಆಗಿದೆ. ಬೆನ್ನಿನ ಭಾಗ ಮುಗಿದಿದೆ, 62 ಕುಣಿಕೆ ಅಗಲ. ಎಡ ಮುಂಭಾಗ ಕಂಕುಳಿನವರೆಗೆ ಬಂದು ನಿಂತಿದೆ. ಇನ್ನೂ ಕಡ್ಡಿಯಲ್ಲೇ ಇದೆ, ಒಂದು ಕಡ್ಡಿಯಲ್ಲಿ 19, ಇನ್ನೊಂದರಲ್ಲಿ 14. ಜೊತೆಗೆ 5 ಗುಂಡಿ, 10 ಮತ್ತು 12 ನಂಬರಿನ ಕಡ್ಡಿಗಳು. ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ: ಬೆನ್ನು 30 ಗ್ರಾಂ, ಉಳಿದ ಉಂಡೆ 35 ಗ್ರಾಂ. ಅತ್ತಿಗೆಗೆ ಜನವರಿ ಕೊನೆಯಲ್ಲಿ ಹೆರಿಗೆ. ಅಷ್ಟರಲ್ಲಿ ಮುಗಿಸುವ ಆಸೆ. ಆದರೆ ನಾನು ಇದುವರೆಗೆ ಹೆಣೆದದ್ದು ಎರಡು ಮಫ್ಲರ್ ಮಾತ್ರ. ಆನ್‌ಲೈನ್‌ನಲ್ಲಿ 10 ನಂಬರ್ ಕಡ್ಡಿ ತರಿಸಿ ಹೆಣೆದು ನೋಡಿದೆ, ಮೀನಿನ ಬಲೆ ಥರ ಬಂತು. ಅಮ್ಮ ಬೇರೆ, ಹೋದವರ ಅರ್ಧ ಕೆಲಸ ಮಗುವಿಗೆ ಬೇಡ, ಬಿಚ್ಚಿಬಿಡು ಅನ್ನುತ್ತಾರೆ. ಪೂರ್ತಿ ಅಜ್ಜಿಯೇ ಹೆಣೆದ ಹಾಗೆ ಕಾಣಬೇಕು ಅಂದರೆ ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಪೂರ್ತಿ ಅಜ್ಜಿಯೇ ಹೆಣೆದ ಹಾಗೆ ಕಾಣುವುದಿಲ್ಲ. 35 ವರ್ಷದಿಂದ ಹೆಣೆಯುತ್ತಿರುವ ನನ್ನ ಕೈಯಲ್ಲೂ ಆಗಿಲ್ಲ. ಬರವಣಿಗೆ ಹೇಗೆ ಒಬ್ಬರದ್ದು ಒಬ್ಬರಿಗೆ ಬರುವುದಿಲ್ಲವೋ ಹೆಣಿಗೆಯೂ ಹಾಗೇ. ಅದೇ ಕಡ್ಡಿ, ಅದೇ ಉಲ್ಲನ್, ಅದೇ ಕುಣಿಕೆ ಇದ್ದರೂ ಕೈ ಬಿಗಿ ಬೇರೆ.

ಇದನ್ನು ನಾನು ಕಲಿತದ್ದು ನಮ್ಮ ತಂದೆಯ ಎದೆಯ ಮೇಲೆ! ನಮ್ಮ ಸೋದರತ್ತೆ ಜಾಲಹಳ್ಳಿ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದರು. ಬಸವನಗುಡಿಯಿಂದ ಕಂಪನಿ ಬಸ್ಸು, ಹೋಗುತ್ತಾ ಬರುತ್ತಾ ಹೆಣಿಗೆ. ವಾರಕ್ಕೊಂದು ತೋಳು ಮುಗಿಯುತ್ತಿತ್ತು. ಬಸ್ಸಿನ ಕುಲುಕಾಟಕ್ಕೆ ಕುಣಿಕೆ ಜಾರದಿರಲಿ ಅಂತಲೋ ಏನೋ, ಅವರ ಕೈ ಬಹಳ ಬಿಗಿ. ತಂದೆಗೆ ಅಂತ ಒಂದು ಬೂದು ಬಣ್ಣದ ತೋಳಿಲ್ಲದ ಸ್ವೆಟರ್ ಶುರು ಮಾಡಿ, ಎದೆ ಹತ್ತಿರ ಬಂದಾಗ ಕೈ ಮುರಿದುಕೊಂಡರು. ಉಳಿದದ್ದನ್ನು ಕಾಲೇಜು ಓದುತ್ತಿದ್ದ ನಾನು ಧೈರ್ಯವಾಗಿ ಮುಂದುವರಿಸಿದೆ, ಅವರು ನಿಲ್ಲಿಸಿದ ಕುಣಿಕೆಯಿಂದಲೇ. ಎದೆಗೆ ಅಡ್ಡಲಾಗಿ ಒಂದು ಗೆರೆ ಬಿತ್ತು. ಗೆರೆಯ ಕೆಳಗೆ ಮೈಗೆ ಅಂಟಿದ ಸ್ವೆಟರ್, ಮೇಲೆ ಗಾಳಿ ತುಂಬಿದ ಸ್ವೆಟರ್. ತಂದೆ ಅದನ್ನೇ ಹಾಕಿಕೊಂಡು ಎಷ್ಟೋ ವರ್ಷ ಲಾಲ್‌ಬಾಗಿಗೆ ವಾಕಿಂಗ್ ಹೋದರು. ಯಾರಾದರೂ ಕೇಳಿದರೆ "ಕೆಳಗೆ ಅಕ್ಕ, ಮೇಲೆ ಮಗಳು" ಅನ್ನುತ್ತಿದ್ದರು.

ಆದ್ದರಿಂದ ನಾನು ಹೇಳುವುದು ಇಷ್ಟೇ. ಎರಡು ಕೈ ಅಂತ ಗೊತ್ತಾಗಲಿ, ಆದರೆ ಎಲ್ಲಿ ಗೊತ್ತಾಗಬೇಕು ಅನ್ನುವುದನ್ನು ನೀವು ತೀರ್ಮಾನ ಮಾಡಿ. ನಾನು ಮಾಡಿದ ಹಾಗೆ ನಿಂತ ಜಾಗದಿಂದಲೇ ಮುಂದುವರಿಸಬೇಡಿ. ಅಜ್ಜಿಯ ಕುಣಿಕೆ ಇರುವ ಕಡ್ಡಿಯನ್ನು ಸದ್ಯಕ್ಕೆ ಮುಟ್ಟಲೇಬೇಡಿ. ಮೊದಲು ಎರಡು ತೋಳು, ಅದೂ ಬೇರೆ ಬಣ್ಣದಲ್ಲಿ. ಆಮೇಲೆ ಬಲ ಮುಂಭಾಗ. ಎಲ್ಲಕ್ಕಿಂತ ಕೊನೆಗೆ ಅಜ್ಜಿಯ ಎಡ ಮುಂಭಾಗ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕೆ ಮುಂಚೆ ನಿಮ್ಮ ಅಮ್ಮನ ಮಾತು. ಅದು ಹೆಣಿಗೆ ಪ್ರಶ್ನೆ ಅಲ್ಲ, ನಾನು ತೀರ್ಪು ಕೊಡುವುದಿಲ್ಲ. ಆದರೆ ನಮ್ಮ ಕಡೆ ಹುಟ್ಟಿದ ಮಗುವನ್ನು ಮೊದಲು ಸುತ್ತುವುದು ಯಾವುದರಲ್ಲಿ? ಅಜ್ಜಿಯ ಹಳೇ ಹತ್ತಿ ಸೀರೆ, ಇಲ್ಲಾ ತಾತನ ಹಳೇ ಪಂಚೆ. ಮೆತ್ತಗಿರುತ್ತದೆ, ಹಿರಿಯರು ಉಟ್ಟದ್ದು ಅಂತ ಒಂದು ಸಮಾಧಾನ. ಇದನ್ನು ಅಮ್ಮನಿಗೆ ಹೇಳಿ ನೋಡಿ. ಅವರಿಗೆ ಆಗಲೂ ಇಷ್ಟವಾಗದಿದ್ದರೆ ಜಗಳ ಬೇಡ. ಬೆನ್ನಿನ ಭಾಗ ಹಾಗೇ ಇಟ್ಟುಕೊಂಡು ಉಳಿದದ್ದನ್ನು ಬಿಚ್ಚಿ ಒಂದು ಕುಲಾವಿ ಹೆಣೆಯಿರಿ. ನಾನಾಗಿದ್ದರೆ ಬಿಚ್ಚುತ್ತಿರಲಿಲ್ಲ.

ಈಗ ಮೀನಿನ ಬಲೆ ವಿಷಯ. ತಪ್ಪು ನಿಮ್ಮದಲ್ಲ. ಅಜ್ಜಿ ಕಾಲದ ಕಡ್ಡಿಗಳ ಮೇಲಿನ ನಂಬರು ಹಳೆಯ ಬ್ರಿಟಿಷ್ ಲೆಕ್ಕ. ಅದು ತಂತಿಯ ಗೇಜಿನಿಂದ ಬಂದದ್ದು, ನಂಬರು ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. ವೈರಿಂಗ್ ಕೆಲಸದವರಿಗೆ ಇದು ಚೆನ್ನಾಗಿ ಗೊತ್ತು. ಅಮೆರಿಕದ ಲೆಕ್ಕ ಇದಕ್ಕೆ ತದ್ವಿರುದ್ಧ, ನಂಬರು ಏರಿದರೆ ಕಡ್ಡಿ ದಪ್ಪ. ಅಜ್ಜಿಯ 10 ಅಂದರೆ 3.25 ಮಿಲಿಮೀಟರ್. ನೀವು ತರಿಸಿದ್ದು ಅಮೆರಿಕದ 10 ಇರಬೇಕು, ಅದು 6 ಮಿಲಿಮೀಟರ್, ಹತ್ತಿರ ಹತ್ತಿರ ಎರಡರಷ್ಟು ದಪ್ಪ. ಬಲೆ ಆಗದೆ ಇನ್ನೇನು ಆಗುತ್ತದೆ? ಇನ್ನು ಮುಂದೆ ಅಂಗಡಿಯಲ್ಲಿ ನಂಬರು ಹೇಳಬೇಡಿ, ಮಿಲಿಮೀಟರ್ ಹೇಳಿ. ಅಜ್ಜಿಯ 12 ಅಂದರೆ 2.75. ಬಾರ್ಡರಿಗೆ 12, ಮೈಗೆ 10 ಅನ್ನುವುದು ಮಗುವಿನ ಸ್ವೆಟರಿಗೆ ಹಳೇ ಜೋಡಿ. ಇನ್ನೊಂದು ಜೊತೆ ಕೊಂಡಿಟ್ಟುಕೊಳ್ಳಿ: 11 ನಂಬರು, ಅಂದರೆ 3 ಮಿಲಿಮೀಟರ್. ಅದು ನಿಮ್ಮ ಕೈಗಾಗಿ.

ನೂಲು ಯಾವುದು ಅಂತ ತಿಳಿಯಲು ಉಂಡೆಯಿಂದ ಒಂದು ಬೆರಳುದ್ದ ಕತ್ತರಿಸಿ. ಅಡುಗೆಮನೆ ಸಿಂಕಿನ ಮೇಲೆ ಚಿಮಟದಲ್ಲಿ ಹಿಡಿದು ತುದಿಗೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ನಿಜವಾದ ಉಣ್ಣೆ. ಕರಗಿ ಕರಿ ಮಣಿಯ ಹಾಗೆ ಗಟ್ಟಿಯಾದರೆ ಅಕ್ರಿಲಿಕ್. ಕಾಗದ ಸುಟ್ಟ ವಾಸನೆ ಅಂದರೆ ಹತ್ತಿ. ನಾವೆಲ್ಲ ಬಾಯಲ್ಲಿ ಉಲ್ಲನ್ ಅಂತ ಕರೆಯುವುದರಲ್ಲಿ ಎಷ್ಟೋ ಪಾಲು ಅಕ್ರಿಲಿಕ್ಕೇ. ಅದಕ್ಕೆ ಬೇಜಾರು ಬೇಡ. ಬೆಂಗಳೂರಿನ ಜನವರಿ ಬೆಳಗ್ಗೆ 15, 16 ಡಿಗ್ರಿ ಇರುತ್ತದೆ, ಹತ್ತು ಗಂಟೆಗೆ ಬಿಸಿಲು ಚುರುಗುಟ್ಟುತ್ತದೆ. ಈ ಊರಲ್ಲಿ 7.8 ಡಿಗ್ರಿಗೆ ಇಳಿದದ್ದು 1884ರ ಜನವರಿಯಲ್ಲಿ. ನಮ್ಮ ಮಕ್ಕಳಿಗೆ ತೆಳು ಸ್ವೆಟರ್ ಸಾಕು.

ನುಸಿಗುಳಿಗೆ ವಾಸನೆ ಅಂದಿರಲ್ಲ, ಅಲ್ಲಿ ಸ್ವಲ್ಪ ನಿಲ್ಲಿ. ನ್ಯಾಫ್ತಲೀನ್ ಗುಳಿಗೆ ಜೊತೆ ಇಟ್ಟ ಬಟ್ಟೆಯನ್ನು ಹಾಗೇ ಮಗುವಿಗೆ ಹಾಕಬಾರದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುತ್ತದೆ. ಅಂಥವರಲ್ಲಿ ನ್ಯಾಫ್ತಲೀನ್ ರಕ್ತದ ಕೆಂಪು ಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಹೆಣೆದ ಭಾಗ, ಉಂಡೆ ಎರಡನ್ನೂ ಈಗಲೇ ಹೊರಗೆ ತೆಗೆದು ಗಾಳಿಗೆ ಹರಡಿ. ದಿನಗಟ್ಟಲೆ ಇರಲಿ. ಸ್ವೆಟರ್ ಮುಗಿದ ಮೇಲೆ ಒಗೆದು ಮತ್ತೆ ಹರಡಿ. ವಾಸನೆ ಪೂರ್ತಿ ಹೋಗುವವರೆಗೆ ಮಗುವಿನ ಹತ್ತಿರ ಬೇಡ. ಡಬ್ಬಿಯನ್ನು ಬೇಕಾದರೆ ಇಟ್ಟುಕೊಳ್ಳಿ, ಗುಳಿಗೆ ಎಸೆಯಿರಿ. ಸುಟ್ಟು ನೋಡಿದಾಗ ಉಣ್ಣೆ ಅಂತ ಬಂದು, ನುಸಿ ಹಿಡಿದಿರುವ ಅನುಮಾನ ಇದ್ದರೆ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಡಿ. ಅಕ್ರಿಲಿಕ್ ಆದರೆ ಆ ಚಿಂತೆಯೇ ಇಲ್ಲ, ನುಸಿಗೆ ಅದು ರುಚಿಸುವುದಿಲ್ಲ.

ನೂಲು ಸಾಲುತ್ತದಾ? ನಿಮ್ಮ ತಕ್ಕಡಿ ಬಹಳ ಉಪಕಾರ ಮಾಡಿದೆ. ಬೆನ್ನು 30 ಗ್ರಾಂ ಅಂದರೆ ಎರಡು ಮುಂಭಾಗ ಸೇರಿ ಅದಕ್ಕಿಂತ ಸ್ವಲ್ಪ ಜಾಸ್ತಿ, ಯಾಕೆಂದರೆ ಗುಂಡಿ ಪಟ್ಟಿ ಒಂದರ ಮೇಲೊಂದು ಬರಬೇಕು. ನಿಮ್ಮ ಬೆನ್ನು 62, ಮುಂಭಾಗ 19 ಮತ್ತು 14 ಸೇರಿ 33. ಎರಡು ಮುಂಭಾಗ 66, ಅಂದರೆ 4 ಕುಣಿಕೆ ಪಟ್ಟಿಗೆ. ಲೆಕ್ಕ ಸರಿಯಾಗಿದೆ, ಅಜ್ಜಿ ಒಂದೂ ಕುಣಿಕೆ ಬಿಟ್ಟಿಲ್ಲ. ಬಲ ಮುಂಭಾಗಕ್ಕೆ 16 ಗ್ರಾಂ, ಎಡಭಾಗದ ಉಳಿಕೆಗೆ 6, ಕುತ್ತಿಗೆ ಪಟ್ಟಿಗೆ 5. ಒಟ್ಟು 27. ನಿಮ್ಮ ಹತ್ತಿರ 35 ಇದೆ. ಆದರೆ ತೋಳು ಎರಡಕ್ಕೂ ಇನ್ನೊಂದು 35 ಬೇಕು, ಅದು ಇಲ್ಲ. ಹಾಗಾಗಿ ತೋಳು ಬೇರೆ ಬಣ್ಣ ಅಂದದ್ದು. ಅದೇ ಹಳದಿ ಹುಡುಕಲು ಹೋಗಬೇಡಿ. ಒಂದೇ ಕಂಪನಿಯ ಒಂದೇ ಬಣ್ಣ ಕೂಡ ಒಂದು ಲಾಟಿನಿಂದ ಇನ್ನೊಂದು ಲಾಟಿಗೆ ಬದಲಾಗುತ್ತದೆ. ಹೆಚ್ಚುಕಮ್ಮಿ ಅದೇ ಹಳದಿ ಹಾಕಿದರೆ ಕಣ್ಣಿಗೆ ತಪ್ಪಿನ ಹಾಗೆ ಕಾಣುತ್ತದೆ. ಬಿಳಿ ಅಥವಾ ಎಲೆಹಸಿರು ಹಾಕಿದರೆ ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ.

ಚಿಕ್ಕಪೇಟೆ ಮೆಟ್ರೋ ಇಳಿದು ಅವೆನ್ಯೂ ರಸ್ತೆ ಕಡೆ ನಡೆಯಿರಿ. ರಾಜಾ ಮಾರ್ಕೆಟ್ ಸುತ್ತ ಲೇಸು, ಗುಂಡಿ, ಉಲ್ಲನ್ ಅಂಗಡಿಗಳಿವೆ. ಅಜ್ಜಿಯ ನೂಲಿನ ತುಂಡು ಜೊತೆಗಿರಲಿ. ಬಣ್ಣಕ್ಕಲ್ಲ, ದಪ್ಪಕ್ಕೆ. ಎರಡು ನೂಲನ್ನೂ ಒಂದರೊಳಗೊಂದು ಕೊಂಡಿ ಹಾಕಿ, ಎರಡು ಕಡೆ ಹಿಡಿದು ಹೊಸೆಯಿರಿ. ಬೆರಳಿಗೆ ದಪ್ಪ ತೆಳು ತಕ್ಷಣ ಗೊತ್ತಾಗುತ್ತದೆ. ಹಳೆಯದು ಅಕ್ರಿಲಿಕ್ ಆದರೆ ಹೊಸದೂ ಅಕ್ರಿಲಿಕ್ಕೇ ಇರಲಿ, ಉಣ್ಣೆ ಆದರೆ ಉಣ್ಣೆ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ತೋಳು ಒಂದು ದಾರಿ, ಮೈ ಒಂದು ದಾರಿ. ಬಣ್ಣವನ್ನು ಮಾತ್ರ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನಂಬಬೇಡಿ, ಬಾಗಿಲಿಗೆ ತಂದು ನೋಡಿ. 50 ಗ್ರಾಂ ಸಾಕು. ಲಡಿಯಲ್ಲಿ ಸಿಕ್ಕರೆ ಮನೆಗೆ ಬಂದು ಅಮ್ಮನನ್ನು ಎರಡು ಕೈ ಚಾಚಿ ಕೂರಿಸಿ, ಲಡಿಯನ್ನು ಕೈಗೆ ಹಾಕಿ, ಉಂಡೆ ಸುತ್ತಿಕೊಳ್ಳಿ. ಚಿಕ್ಕವರಿದ್ದಾಗ ಅವರೂ ಅಜ್ಜಿಯ ಎದುರು ಹಾಗೆ ಕೂತಿರುತ್ತಾರೆ, ಖಂಡಿತ. ನಾನಂತೂ ಆಟಕ್ಕೆ ಹೋಗುವ ಹೊತ್ತಿಗೇ ಸಿಕ್ಕಿಹಾಕಿಕೊಳ್ಳುತ್ತಿದ್ದೆ, ಮೂಗು ತುರಿಸಿದರೂ ಕೆರೆದುಕೊಳ್ಳುವ ಹಾಗಿಲ್ಲ.

ಈಗ ಕೆಲಸ. ಬೆನ್ನಿನ ಭಾಗವನ್ನು ಮೇಜಿನ ಮೇಲೆ ಎಳೆಯದೆ ಹರಡಿ, ಮಧ್ಯದಲ್ಲಿ ಸ್ಕೇಲ್ ಇಟ್ಟು 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಎಣಿಸಿ. 10 ನಂಬರ್ ಕಡ್ಡಿಯಲ್ಲಿ 4 ಪ್ಲೈ ಅನ್ನುವ ತೆಳು ನೂಲಿಗೆ ಸಾಮಾನ್ಯವಾಗಿ 28 ಬರುತ್ತದೆ, ಉದ್ದಕ್ಕೆ 36 ಸಾಲು. ಅದೇ ಇದೆ ಅಂದುಕೊಳ್ಳೋಣ. ಕಡ್ಡಿ ಹಿಡಿದು ಹೆಚ್ಚು ದಿನ ಆಗಿಲ್ಲದವರ ಕೈ ಸ್ವಲ್ಪ ಸಡಿಲ, ನಿಮಗೆ 25 ಬಂದೀತು. ಮೂರೇ ಕುಣಿಕೆ ಅಲ್ವಾ ಅನ್ನಬೇಡಿ. 33 ಕುಣಿಕೆಯ ಮುಂಭಾಗ ಅಜ್ಜಿಯ ಕೈಯಲ್ಲಿ 11.8 ಸೆಂಟಿಮೀಟರ್, ನಿಮ್ಮ ಕೈಯಲ್ಲಿ 13.2. ಮಗುವಿನ ಸ್ವೆಟರಿನಲ್ಲಿ ಒಂದೂವರೆ ಸೆಂಟಿಮೀಟರ್ ಅಂದರೆ ಬಲಭಾಗ ಜೋಲು, ಎಡಭಾಗ ಬಿಗಿ.

ಈ ಅಂತರ ತಿಳಿಯಲು ಪುಸ್ತಕಗಳು ಮೊದಲು ಒಂದು ಚೌಕ ಹೆಣೆದು ನೋಡಿ ಅನ್ನುತ್ತವೆ. ಸರಿಯಾದ ಮಾತೇ. ಆದರೆ ಆ ಚೌಕವನ್ನು ಮನಸ್ಸಿಟ್ಟು ಹೆಣೆದವರನ್ನು ನಾನು ಇನ್ನೂ ನೋಡಿಲ್ಲ. ಅದರ ಬದಲು ತೋಳೇ ನಿಮ್ಮ ಚೌಕ. ಬಣ್ಣ ಬೇರೆ ಆದ್ದರಿಂದ ಕೈ ಬೇರೆ ಆದರೂ ಯಾರಿಗೂ ಕಾಣದು. ಚಿಕ್ಕದು, ಬೇಗ ಮುಗಿಯುತ್ತದೆ, ಕೆಟ್ಟರೆ ಬಿಚ್ಚಬಹುದು. 12ರಲ್ಲಿ 36 ಕುಣಿಕೆ ಹಾಕಿಕೊಳ್ಳಿ. ಒಂದು ಸೀದಾ ಒಂದು ಉಲ್ಟಾ ಅಂತ 3 ಸೆಂಟಿಮೀಟರ್ ಬಾರ್ಡರ್. ಆಮೇಲೆ 10ಕ್ಕೆ ಬದಲಾಯಿಸಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ. ಪ್ರತಿ 6ನೇ ಸಾಲಿನಲ್ಲಿ ಎರಡೂ ತುದಿಗೆ ಒಂದೊಂದು ಕುಣಿಕೆ ಹೆಚ್ಚಿಸಿ, 48 ಆಗುವವರೆಗೆ. ಆಮೇಲೆ ಹೆಚ್ಚಿಸದೆ, ಒಟ್ಟು ಉದ್ದ 15 ಸೆಂಟಿಮೀಟರ್ ಆದಾಗ ಮುಚ್ಚಿ. ತೋಳಿನ ಮೇಲ್ತುದಿಯ ಅಗಲ ಬೆನ್ನಿನ ಕಂಕುಳಿನ ಎತ್ತರದ ಎರಡರಷ್ಟು ಇರಬೇಕು. ಟೇಪಿನಲ್ಲಿ ನೋಡಿ, ಜಾಸ್ತಿ ಕಡಿಮೆ ಮಾಡಿಕೊಳ್ಳಿ.

ಮೊದಲ ತೋಳು ಅರ್ಧ ಆದಾಗ ಎಣಿಸಿ. 10 ಸೆಂಟಿಮೀಟರಿಗೆ 28 ಬಂದಿದ್ದರೆ ಪುಣ್ಯವಂತರು. 26, 25 ಇದ್ದರೆ ಆ ತೋಳು ಬಿಚ್ಚಿ 11ರಲ್ಲಿ ಮತ್ತೆ ಶುರು ಮಾಡಿ. ಬೆರಳು ಬಿಗಿ ಮಾಡಿ ಸರಿಪಡಿಸುತ್ತೇನೆ ಅಂತ ಮಾತ್ರ ಹೋಗಬೇಡಿ. ಹತ್ತು ಸಾಲು ನಡೆಯುತ್ತದೆ, ಆಮೇಲೆ ಟಿವಿಯಲ್ಲಿ ಏನೋ ಬರುತ್ತದೆ, ಕೈ ತನ್ನ ಹಳೇ ದಾರಿ ಹಿಡಿಯುತ್ತದೆ. ಕಡ್ಡಿ ಬದಲಾಯಿಸುವುದು ಸುಲಭ, ಕೈ ಬದಲಾಯಿಸುವುದು ಕಷ್ಟ. ಎರಡು ತೋಳು ಮುಗಿಯುವ ಹೊತ್ತಿಗೆ ಕೈ ಒಂದು ಹದಕ್ಕೆ ಬಂದಿರುತ್ತದೆ.

ಬಲ ಮುಂಭಾಗಕ್ಕೆ ಬರೆದ ಲೆಕ್ಕ ಬೇಕಾಗಿಲ್ಲ, ಎಡಭಾಗವೇ ನಿಮ್ಮ ಪುಸ್ತಕ. ಬಾರ್ಡರ್ ಎಷ್ಟು ಸಾಲು, ಅಲ್ಲಿಂದ ಕಂಕುಳಿಗೆ ಎಷ್ಟು ಸಾಲು, ಎಲ್ಲ ಎಣಿಸಿ ಚೀಟಿಯಲ್ಲಿ ಬರೆದುಕೊಳ್ಳಿ. ಹತ್ತು ಸಾಲಿಗೊಂದು ಪಿನ್ನು ಚುಚ್ಚಿಟ್ಟರೆ ಎಣಿಕೆ ತಪ್ಪುವುದಿಲ್ಲ. ಕಂಕುಳಿನ ಮೇಲಿನ ಲೆಕ್ಕ ಬೆನ್ನಿನಿಂದ ತೆಗೆದುಕೊಳ್ಳಿ. ಸೆಂಟಿಮೀಟರ್ ನಂಬಿ ಹೆಣೆಯಬೇಡಿ, ಸಾಲು ನಂಬಿ. ಪಕ್ಕ ಹೊಲಿಯುವಾಗ ಸಾಲಿಗೆ ಸಾಲು ಕೂಡಬೇಕು. ಬಲ ಮುಂಭಾಗ ಅಂದರೆ ಎಡ ಮುಂಭಾಗವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಅನ್ನುವುದು ನೆನಪಿರಲಿ, ಇಲ್ಲದಿದ್ದರೆ ಎರಡು ಎಡಭಾಗ ಆಗುತ್ತವೆ. ನನಗೆ ಆಗಿದೆ. ಅಜ್ಜಿಯ ಭಾಗದಲ್ಲಿ ಕಾಜ ಇದೆಯಾ ನೋಡಿ. ಇಲ್ಲ ಅಂದರೆ ಅದನ್ನು ಬಲಕ್ಕೆ ಬಿಟ್ಟಿದ್ದಾರೆ. ಕಾಜ ಅಂದರೆ ಭಯ ಬೇಡ: ಪಟ್ಟಿಯ ಮಧ್ಯೆ ನೂಲನ್ನು ಕಡ್ಡಿಗೆ ಒಂದು ಸಾರಿ ಸುತ್ತಿ, ಮುಂದಿನ ಎರಡು ಕುಣಿಕೆ ಒಟ್ಟಿಗೆ ಹೆಣೆಯಿರಿ. ಮಗುವಿನ ಗುಂಡಿಗೆ ಆ ತೂತು ಸಾಕು. ಐದು ಗುಂಡಿಗೆ ಸಮ ಅಂತರ ಹಾಕಿಕೊಳ್ಳಿ, ಕೊನೆಯದು ಕುತ್ತಿಗೆ ಪಟ್ಟಿಯಲ್ಲಿ ಬರುತ್ತದೆ.

ಕೊನೆಗೆ ಅಜ್ಜಿಯ ಕಡ್ಡಿ. 19 ಮತ್ತು 14 ಅಂದರೆ ಸಾಲಿನ ಮಧ್ಯದಲ್ಲಿ ನಿಲ್ಲಿಸಿದ್ದಾರೆ. ಹೆಣೆಯುವವರು ಸಾಮಾನ್ಯವಾಗಿ ಹಾಗೆ ನಿಲ್ಲಿಸುವುದಿಲ್ಲ, "ಈ ಸಾಲು ಮುಗಿಸಿ ಬಂದೆ" ಅನ್ನುತ್ತೇವೆ. ಯಾರೋ ಬಾಗಿಲು ಬಡಿದಿರಬೇಕು, ಅಥವಾ ಕುಕ್ಕರ್ ಕೂಗಿರಬೇಕು. ನೂಲು ಯಾವ ಕಡ್ಡಿಯ ಕೊನೆ ಕುಣಿಕೆಯಿಂದ ಹೊರಟಿದೆಯೋ ಅದು ಬಲಗೈ ಕಡ್ಡಿ. ಆದರೆ ಅಲ್ಲಿಂದ ಮುಂದುವರಿಸಬೇಡಿ. ನಾಲ್ಕು ವರ್ಷ ಕಡ್ಡಿಯ ಮೇಲೆ ಕೂತ ಕುಣಿಕೆಗಳು ಹಿಗ್ಗಿರುತ್ತವೆ. ಹಳೇ ಅಲ್ಯೂಮಿನಿಯಂ ಕಡ್ಡಿ ಆದರೆ ಕರಿ ಗುರುತೂ ಬಿದ್ದಿರಬಹುದು. ಎರಡು ಸಾಲು ಕೆಳಗೆ, ಪ್ರತಿ ಕುಣಿಕೆಯ ಬಲಗಾಲಿನ (ಕುಣಿಕೆಯ ಎರಡು ಎಳೆಯಲ್ಲಿ ಬಲಗಡೆಯದು) ಒಳಗಿಂದ, ಮೊಂಡು ಸೂಜಿಯಲ್ಲಿ ಗಾಢ ಬಣ್ಣದ ಹತ್ತಿ ದಾರ ಪೋಣಿಸಿ. ಇದನ್ನು ನಾನು ಕಾವಲು ದಾರ ಅನ್ನುತ್ತೇನೆ. ದಾರದ ಮೇಲೆ 33 ಇದೆಯಾ ಎಣಿಸಿ. ಆಮೇಲೆ ಕಡ್ಡಿ ಎಳೆದು, ನಿಧಾನಕ್ಕೆ ದಾರದವರೆಗೆ ಬಿಚ್ಚಿ. ಬಿಚ್ಚಿದರೂ ಕಾವಲು ದಾರದ ಕೆಳಗೆ ಒಂದು ಕುಣಿಕೆಯೂ ಓಡದು. ಈಗ ದಾರದ ಮೇಲಿನ ಕುಣಿಕೆಗಳನ್ನು ನಿಮ್ಮ ಕಡ್ಡಿಗೆ ಏರಿಸಿ. ಕುಣಿಕೆ ಕಡ್ಡಿಯ ಮೇಲೆ ಕುದುರೆ ಸವಾರನ ಹಾಗೆ ಕೂರುತ್ತದೆ, ಒಂದು ಕಾಲು ಈಚೆ, ಒಂದು ಕಾಲು ಆಚೆ. ಬಲಗಾಲು ನಿಮ್ಮ ಕಡೆಗೆ ಇರಲಿ. ಅಜ್ಜಿಯ ಕುಣಿಕೆಗಳು ಎಡಗಾಲು ಮುಂದೆ ಮಾಡಿ ಕೂತಿದ್ದವು ಅಂದರೆ ತಪ್ಪು ಅಂದುಕೊಳ್ಳಬೇಡಿ. ಉಲ್ಟಾ ಸಾಲಿನಲ್ಲಿ ನೂಲನ್ನು ಇನ್ನೊಂದು ಕಡೆಯಿಂದ ಸುತ್ತುವ ಅಭ್ಯಾಸ ನಮ್ಮ ದೇಶದಲ್ಲಿ ಎಷ್ಟೋ ಜನರಿಗೆ ಇದೆ.

ಎರಡು ಸಾಲು ಬಿಚ್ಚಿದಿರಿ, ಎರಡು ಸಾಲು ನೀವೇ ಹೆಣೆಯಿರಿ. ಅಲ್ಲಿಗೆ ಕಂಕುಳಿನ ಗೆರೆ. ಕೈ ಬದಲಾಗುವುದು ಅಲ್ಲೇ, ಪಕ್ಕದಲ್ಲೇ ಬೇರೆ ಬಣ್ಣದ ತೋಳು ಹೊಲಿದಿರುತ್ತದೆ. ಕಣ್ಣು ತೋಳಿನ ಕಡೆ ಹೋಗುತ್ತದೆ, ಗೆರೆ ಕಡೆ ಅಲ್ಲ.

ಜೋಡಿಸಿ ಆದ ಮೇಲೆ ಒಗೆಯಿರಿ. ಅಂಟುವಾಳದ ನೀರು ಇದ್ದರೆ ಅದು, ಇಲ್ಲದಿದ್ದರೆ ಮಗುವಿನ ಸೋಪು. ತಣ್ಣೀರು, ಉಜ್ಜಬೇಡಿ, ಹಿಂಡಬೇಡಿ. ಟವೆಲ್‌ನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ನೆರಳಲ್ಲಿ ಮಟ್ಟಸವಾಗಿ ಹರಡಿ. ತಂತಿಗೆ ನೇತು ಹಾಕಿದರೆ ಉದ್ದ ಇಳಿಯುತ್ತದೆ. ಅಕ್ರಿಲಿಕ್ ಆದರೆ ಇಸ್ತ್ರಿ ಮುಟ್ಟಿಸಬೇಡಿ, ಒಮ್ಮೆ ಜೀವ ಬಿಟ್ಟರೆ ಅದು ಮತ್ತೆ ಪುಟಿಯುವುದಿಲ್ಲ. ಒಳಗಡೆ ಉದ್ದ ಎಳೆಗಳು ನೇತಾಡುತ್ತಿದ್ದರೆ ಹೊಲಿದು ಮುಚ್ಚಿ, ಮಗುವಿನ ಬೆರಳಿಗೆ ಸುತ್ತಿಕೊಂಡೀತು. ಕುತ್ತಿಗೆಗೆ ರಿಬ್ಬನ್, ಲಾಡಿ ಏನೂ ಬೇಡ, ಎಷ್ಟು ಮುದ್ದಾಗಿ ಕಂಡರೂ ಬೇಡ.

ಗುಂಡಿ ಮಾತ್ರ ಈಗ ಹಾಕಬೇಡಿ. ಹುಟ್ಟುವ ಮುಂಚೆ ಮಗುವಿಗೆ ಬಟ್ಟೆ ತಯಾರು ಮಾಡಿಡಬಾರದು ಅನ್ನುವ ಮನೆಗಳಲ್ಲಿ ನಮ್ಮದೂ ಒಂದು. ಹೆರಿಗೆ ಆಗುವವರೆಗೆ ಗುಂಡಿ ಹಾಕದೆ ಇಡುವುದು ನಮ್ಮ ಸೋದರತ್ತೆ ಕಂಡುಕೊಂಡ ಉಪಾಯ, ಗುಂಡಿ ಇಲ್ಲದ್ದು ಸ್ವೆಟರ್ ಅಲ್ಲ ಅಂತ. ನಿಮ್ಮ ಅಮ್ಮನಿಗೂ ಇದು ಒಪ್ಪಿಗೆ ಆಗಬಹುದು. ಹಾಕುವಾಗ ನೂಲಿನಲ್ಲಿ ಅಲ್ಲ, ಗಟ್ಟಿ ಹೊಲಿಗೆ ದಾರದಲ್ಲಿ, ಪ್ರತಿ ಗುಂಡಿಗೂ ಬೇರೆ ಬೇರೆ ಗಂಟು ಹಾಕಿ. ಹಾಕಿದ ಮೇಲೆ ಒಂದೊಂದನ್ನೂ ಜೋರಾಗಿ ಎಳೆದು ನೋಡಿ.